ಉಪವಾಸದ ಮನೆ

ನಮ್ಮ ಅತ್ತೆ ಶುಕ್ರವಾರ ಹೊತ್ತು ಮುಳುಗುವ ತನಕ ಉಣ್ಣುವುದಿಲ್ಲ. ಮದುವೆಯಾಗಿ ಲೊಕ್ಕನಹಳ್ಳಿ ಪಕ್ಕದ ಈ ಊರಿಗೆ ಬಂದ ಮೊದಲ ವಾರವೇ ನನಗೆ ಅದು ಗೊತ್ತಾಯಿತು. ಯಾರಿಗೂ ಗೊತ್ತಾಗದ ಹಾಗೆ ಉಪವಾಸ ಮಾಡುವ ವಿದ್ಯೆ ಅವರಿಗೆ ಬರುವುದಿಲ್ಲ. ಗುರುವಾರ ಸಂಜೆಯೇ ಶುರುವಾಗುತ್ತದೆ. "ನಾಳ ಸುಕ್ರವಾರ ಕಣಮ್ಮಿ, ನಂಗ ಲೆಕ್ಕ ಇಟ್ಕಂಡು ಮುದ್ದ ತಿರುವ್ಬುಟ್ಟಿಯ" ಎನ್ನುತ್ತಾರೆ. ನಾನು ಯಾವ ಶುಕ್ರವಾರವೂ ಹಾಗೆ ತಿರುವಿದವಳಲ್ಲ.

ಅದೊಂದು ಹರಕೆ. ನನ್ನ ಗಂಡ ಕೈಗೂಸಾಗಿದ್ದಾಗ ಜ್ವರ ನೆತ್ತಿಗೇರಿ ಸೆಟೆದುಕೊಂಡಿದ್ದರಂತೆ. ಅತ್ತೆ ಅವರನ್ನು ಎತ್ತಿಕೊಂಡು ಹೋಗಿ ಯೇಸುವಿನ ಗುಡಿಯ ಪೀಠದ ಮುಂದೆ ಮಲಗಿಸಿ, ಈ ಮಗ ಉಳಿದರೆ ನಾನು ಬದುಕಿರುವ ತನಕ ಶುಕ್ರವಾರ ಹಗಲು ಉಣ್ಣುವುದಿಲ್ಲ ಎಂದುಬಿಟ್ಟರು. ಶುಕ್ರವಾರವೆಂದರೆ ಯೇಸು ಶಿಲುಬೆಯ ಮೇಲೆ ನೀರಡಿಸಿ ಸತ್ತ ದಿನ. ಮಗ ಉಳಿದ. ಈಗ ಗೂಡ್ಸ್ ಗಾಡಿ ಓಡಿಸಿಕೊಂಡು ಘಟ್ಟ ಹತ್ತಿ ಇಳಿಯುತ್ತಾರೆ, ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ತಿರುವುಗಳಲ್ಲಿ ಅವರ ಗಾಡಿಯನ್ನು ಹಿಡಿದು ನಿಲ್ಲಿಸುವುದು ಬ್ರೇಕಲ್ಲ, ತಮ್ಮ ಹರಕೆ ಎಂದೇ ಅತ್ತೆಯ ನಂಬಿಕೆ.

ನನ್ನ ತವರು ಯಳಂದೂರು. ಅಲ್ಲಿ ನಮ್ಮದು ನಾಲ್ಕಾರು ಕ್ರೈಸ್ತ ಮನೆಗಳ ಸಣ್ಣ ಸಭೆ. ನನ್ನವ್ವನೂ ಉಪವಾಸ ಇರುತ್ತಿದ್ದಳು, ಆದರೆ ಅವಳ ಲೆಕ್ಕವೇ ಬೇರೆ. ತಪಸ್ಸು ಕಾಲದ ನಲವತ್ತು ದಿನ ಅನ್ನಕ್ಕೆ ಇಡುವಾಗ ಪ್ರತಿಸಲ ಒಂದು ಹಿಡಿ ಅಕ್ಕಿಯನ್ನು ಬೇರೆ ಮಡಕೆಗೆ ಹಾಕುತ್ತಿದ್ದಳು. ಅದು ಮುಗಿದು ಬರುವ, ಯೇಸು ಸತ್ತು ಎದ್ದ ಪಾಸ್ಕ ಹಬ್ಬದ ಮುಂಚೆ ಆ ಮಡಕೆ ಯಾವುದಾದರೂ ಬಡವರ ಮನೆಗೆ ಹೋಗುತ್ತಿತ್ತು. "ನಾನು ಬಿಟ್ಟ ತುತ್ತು ಇನ್ನೊಬ್ಬರ ಬಾಯಿಗೆ ಬೀಳ್ನಿಲ್ಲ ಅಂದ್ರ ಅದು ಉಪಾಸ ಅಲ್ಲ ಕಣವ್ವ, ಬರೀ ಅಸ್ಕಂಡು ಕೂರದು" ಎನ್ನುತ್ತಿದ್ದಳು. ಈಗ ಅವಳಿಲ್ಲ. ಇದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವೇನೋ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಗಂಡನ ಮನೆಯವರ ಹಿರೀಕರು ತಮಿಳು ಸೀಮೆಯಿಂದ ಬಂದವರು. ತಪಸ್ಸು ಕಾಲದಲ್ಲಿ ದಿನಕ್ಕೆ ಒಂದೇ ಹೊತ್ತು ಉಣ್ಣುವುದಕ್ಕೆ ಇಲ್ಲಿ ಈಗಲೂ ಒರುಸಂದಿ ಎನ್ನುತ್ತಾರೆ. ಬುಧವಾರ, ಶುಕ್ರವಾರ ಹಿಡಿಯುವವರು ಬಹಳ. ನಲವತ್ತು ದಿನವೂ ಹಿಡಿಯುವವರು ಒಬ್ಬರೋ ಇಬ್ಬರೋ ಮುದುಕಿಯರು. ಹೋದ ವರ್ಷ ಆ ಮುದುಕಿಯರ ಸಾಲಿಗೆ ಹನೂರಿನಲ್ಲಿ ಪಿಯುಸಿ ಓದುತ್ತಿದ್ದ ನನ್ನ ಮಗಳು ಸೇರಿಕೊಂಡಳು.

ಅವಳು ಹೇಳಿದಾಗ ನಾನು ನಕ್ಕೆ. ಬೆಳಿಗ್ಗೆ ಎರಡು ದೋಸೆ ಕಮ್ಮಿಯಾದರೆ ಮುಖ ಊದಿಸುವವಳು ಇವಳು, ಮೂರನೇ ದಿನಕ್ಕೆ ಅಡುಗೆಮನೆಗೆ ಬರುತ್ತಾಳೆ ಅಂದೆ. ಬರಲಿಲ್ಲ. ಬಸ್ಸಿನಲ್ಲಿ ಹೋಗಿ ಬಂದು, ಸಂಜೆ ಒಂದು ಮುದ್ದೆ ಉಂಡು, ಜಪಸರ ಹಿಡಿದು ಕೂರುತ್ತಿದ್ದಳು. ಅತ್ತೆಗೆ ಹಿಗ್ಗೋ ಹಿಗ್ಗು. ಶಿಲುಬೆ ಹಾದಿಯ ಪ್ರಾರ್ಥನೆ ಮುಗಿಸಿ ಬಂದ ಹೆಂಗಸರೆಲ್ಲ ಅವಳ ಗಲ್ಲ ಮುಟ್ಟಿ ನೆಟಿಗೆ ಮುರಿದರು. "ಇಂತಾ ಮಗಳ ಎತ್ತೀಯಲ್ಲ, ನಿನ್ ಒಟ್ಟ ತಣ್ಣಗಿರ್ಲಿ" ಎಂದು ನನಗೂ ಹೇಳಿದರು. ನನ್ನ ಹೊಟ್ಟೆ ನಿಜವಾಗಿಯೂ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಪಾಸ್ಕ ಹಬ್ಬದ ದಿನ ಕೋಳಿ ಕುಯ್ದೆವು. ಮಗಳು ತಟ್ಟೆಯ ಮುಂದೆ ಕೂತಳು, ಒಂದು ತುತ್ತು ಬಾಯಿಗಿಟ್ಟಳು, ಬಹಳ ಹೊತ್ತು ಅಗಿದಳು. ಆಮೇಲೆ ತಟ್ಟೆ ತಳ್ಳಿ, "ಹಸಿವಿಲ್ಲಮ್ಮ" ಎಂದಳು.

ಮಾರನೇ ದಿನವೂ ಅದೇ ಮಾತು. ಅದರ ಮಾರನೇ ದಿನವೂ ಅದೇ. ಸಂಜೆಯ ಒಂದು ಮುದ್ದೆ ಅರ್ಧವಾಯಿತು. ಅರ್ಧ ಹೋಗಿ ನಿಂಬೆಹಣ್ಣಿನ ಗಾತ್ರವಾಯಿತು. ನಾನು ಬೈದೆ, ರಮಿಸಿದೆ, ಒಂದು ದಿನ ದವಡೆ ಹಿಡಿದು ತುರುಕಲೂ ಹೋದೆ. ಅತ್ತೆ ನನ್ನ ಕೈ ಹಿಡಿದು ನಿಲ್ಲಿಸಿದರು.

"ಬುಡಮ್ಮಿ. ಜರಕ್ಕ ಕೂತ ಉಳಕ್ಕ ಸೊಪ್ ಆಕ್ತರ?"

ಇದು ಹುಳ ಸಾಕದವರಿಗೆ ತಿಳಿಯುವ ಮಾತಲ್ಲ. ನಮ್ಮದು ರೇಷ್ಮೆ ಮನೆ. ಮರಿ ತಂದು, ಸೊಪ್ಪು ಹಾಕಿ ಬೆಳೆಸಿ, ಗೂಡು ಕಟ್ಟಿಸಿ ಕೊಳ್ಳೇಗಾಲದ ಮಾರ್ಕೆಟ್ಟಿಗೆ ಒಯ್ಯುತ್ತೇವೆ. ರೇಷ್ಮೆ ಹುಳ ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಜ್ವರಕ್ಕೆ ಕೂತ ಹುಳ ತಲೆ ಮೇಲೆತ್ತಿಕೊಂಡು ಅಲ್ಲಾಡದೆ ಇರುತ್ತದೆ, ಏನನ್ನೂ ತಿನ್ನುವುದಿಲ್ಲ. ಆಗ ಗಾಬರಿಬಿದ್ದು ಸೊಪ್ಪು ಹಾಕಿದಿರೋ, ಮುಂಚೆ ಎದ್ದವು ತಿಂದು ಬಲಿಯುತ್ತವೆ, ಏಳದವು ಸೊಪ್ಪಿನ ಅಡಿ ಸಿಕ್ಕಿ ಸಾಯುತ್ತವೆ, ಬೆಳೆಯೇ ಕೆಡುತ್ತದೆ. ಅದಕ್ಕೇ ಸುಣ್ಣದ ಪುಡಿ ಉದುರಿಸಿ ಸುಮ್ಮನೆ ಕಾಯಬೇಕು. ಎಲ್ಲ ಎದ್ದ ಮೇಲೆ ಹಾಕಿದ ಸೊಪ್ಪನ್ನು ಅವು ಮಳೆ ಬಂದ ಹಾಗೆ ಸದ್ದು ಮಾಡಿಕೊಂಡು ತಿನ್ನುತ್ತವೆ.

ಹದಿನೇಳು ತುಂಬಿದ ಹುಡುಗಿ, ದೇವರ ಕಡೆ ಮನಸ್ಸು ತಿರುಗಿದೆ, ಒಳಗೆ ಏನೋ ಪೊರೆ ಬಿಡುತ್ತಿದೆ, ತಾನೇ ಎದ್ದು ಕೇಳುತ್ತಾಳೆ ಅಂದರು ಅತ್ತೆ. ಫೋನಿನಲ್ಲಿ ನನ್ನ ಗಂಡನೂ ಅದನ್ನೇ ಹೇಳಿದರು. ಈ ಮನೆಯಲ್ಲಿ ಹುಳದ ವಿಷಯದಲ್ಲಿ ಅತ್ತೆಯ ಮಾತು ಒಮ್ಮೆಯೂ ತಪ್ಪಿಲ್ಲ. ಮನುಷ್ಯರಿಗೂ ಹುಳದ ಕಾನೂನೇ ನಡೆಯುತ್ತದೆ ಎಂದುಕೊಂಡೆವು ನಾವು ಮೂರು ಜನ ಬುದ್ಧಿವಂತರು. ಕಾದೆವು.

ಅವಳು ಏಳಲಿಲ್ಲ. ಚೂಡಿದಾರದ ಹೆಗಲು ಜಾರತೊಡಗಿತು. ಬಾಚಣಿಗೆಗೆ ಕೂದಲು ಸಿಂಬೆ ಸಿಂಬೆಯಾಗಿ ಬಂತು. ಬೇಸಿಗೆಯ ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ಕೂತಳು. ತಿಂಗಳ ಮುಟ್ಟು ನಿಂತಿತು. ಒಂದು ದಿನ ತಲೆಗೆ ಎಣ್ಣೆ ಹಚ್ಚಲು ಹಿಂದೆ ಕೂತಾಗ ಕತ್ತಿನ ಮೂಳೆಗಳು ಒಂದೊಂದಾಗಿ ನನ್ನ ಬೆರಳಿಗೆ ಸಿಕ್ಕಿದವು. ನನಗೆ ಅಳು ಬಂತು, ಅದರ ಹಿಂದೆಯೇ ಕೋಪವೂ ಬಂತು.

"ಯಾಕಮ್ಮಿ ಹಿಂಗ್ ಮಾಡೀಯ? ಯಾರ್ ಮೇಲೆ ಹಟ ನಿಂದು?"

ಅವಳು ಹಟ ಮಾಡುವವಳಂತೆ ಮಾತಾಡಲಿಲ್ಲ. ಬಹಳ ಮೆಲ್ಲಗೆ ಹೇಳಿದಳು. "ತಿನ್ನದೆ ಇದ್ರೆ ಒಳಗೆಲ್ಲಾ ನಿಶ್ಶಬ್ದ ಆಗ್ತದೆ ಅಮ್ಮ. ದೇವರು ಪಕ್ಕದಲ್ಲೇ ಕೂತಂಗಿರ್ತದೆ. ಒಂದು ತುತ್ತು ತಿಂದ್ರೂ ಎದ್ದು ಹೋಗ್ಬಿಡ್ತಾನೆ."

ಊಟ ಬಡಿಸಿದರೆ ಎದ್ದು ಹೋಗುವ ದೇವರು ಎಂಥವನು? ನಾನು ಓದಿ ಕೇಳಿದ ಯೇಸು ಸ್ವಾಮಿ ಕರೆದವರ ಮನೆಗೆಲ್ಲ ಉಣ್ಣಲು ಹೋಗಿ, ಹೊಟ್ಟೆಬಾಕ ಅಂತ ಬೈಸಿಕೊಂಡವನು. ಸತ್ತು ಎದ್ದು ಬಂದ ಮೇಲೂ ಶಿಷ್ಯರ ಹತ್ತಿರ ತಿನ್ನಲು ಏನಿದೆ ಎಂದು ಕೇಳಿದವನು. ಇದನ್ನೆಲ್ಲ ಹೇಳಿದೆ. ಅವಳು ನನ್ನನ್ನು ಪಾಪ ಎನ್ನುವಂತೆ ನೋಡಿದಳು.

ಆಮೇಲೆ ನನಗೆ ಗೊತ್ತಿದ್ದ ಒಂದೇ ದಾರಿ ಹಿಡಿದೆ. ಗುರುವಾರ ಮನೆಮನೆಗೆ ಹೋಗಿ ಪ್ರಾರ್ಥನೆ ಮಾಡುವ ಹೆಂಗಸರ ಗುಂಪು ನಮ್ಮಲ್ಲಿದೆ. ಅವರನ್ನು ಕರೆಸಿ ಎಲ್ಲ ಹೇಳಿಕೊಂಡು ಕಣ್ಣೀರು ಹಾಕಿದೆ. ಅವರು ಪಾಪ ಒಳ್ಳೆಯವರು. ಈ ಮಗುವಿಗೋಸ್ಕರ ಸರಪಣಿ ಉಪವಾಸ ಹಿಡಿಯೋಣ ಅಂದರು. ಸೋಮವಾರ ಒಬ್ಬಳು, ಮಂಗಳವಾರ ಇನ್ನೊಬ್ಬಳು, ಒಂದು ದಿನವೂ ಬಿಡದಂತೆ. ಮಿಕ್ಕ ದಿನಗಳನ್ನು ನಾನು ತೆಗೆದುಕೊಂಡೆ. ಶುಕ್ರವಾರ ಹೇಗೂ ಅತ್ತೆಯದು. ಉಪವಾಸ ಹಿಡಿದವಳು ನಮ್ಮ ಮನೆಗೇ ಬಂದು ಜಪಸರ ಹಿಡಿದು ಕೂರುತ್ತಿದ್ದಳು. ಒಂದು ಮಗು ಉಣ್ಣಲಿ ಅಂತ ಊರಿನ ಅರ್ಧ ಹೆಂಗಸರು ಉಣ್ಣುವುದನ್ನು ಬಿಟ್ಟೆವು. ಇದರಲ್ಲಿ ಏನೋ ಕೆಟ್ಟಿದೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮಗಳಿಗೆ ಹೊಳೆಯಿತು. ಒಂದು ಮಧ್ಯಾಹ್ನ ಅವಳ ಮುಂದೆ ಗಂಜಿ ಇಟ್ಟು, ನಿನ್ನ ಕಾಲಿಗೆ ಬೀಳುತ್ತೇನೆ, ಕುಡಿ ಅಂದೆ. ಜಗುಲಿಯಲ್ಲಿ ಜಪ ಮಾಡುತ್ತಿದ್ದ ಹೆಂಗಸನ್ನು ತೋರಿಸಿ ಕೇಳಿದಳು.

"ಆ ಆಂಟಿ ತಿಂದ್ರಾ?"

"ಇಲ್ಲ. ನಿಂಗೋಸ್ಕರ ಉಪಾಸ ಅವ್ರೆ."

"ನೀನು?"

ನಾನು ಗಂಜಿಯನ್ನು ಅವಳ ಹತ್ತಿರಕ್ಕೆ ಸರಿಸಿದೆ.

"ನೀವೆಲ್ಲ ನಂಗೋಸ್ಕರ ಹಸಕೊಂಡಿರೋವಾಗ ನಾನು ಹೆಂಗಮ್ಮ ತಿನ್ಲಿ?"

ಆ ಗಂಜಿ ಹಾಗೇ ಆರಿ ಕೆನೆಗಟ್ಟಿತು. ನಾನು ಹುಳದ ಮನೆಗೆ ಹೋಗಿ ಹುಳ ಸಾಕುವ ತಟ್ಟೆಗಳ ಮಧ್ಯೆ ನಿಂತು ಬಿಕ್ಕಿದೆ. ಹುಳಗಳು ಆಗ ಸೊಪ್ಪು ಮೇಯುತ್ತಿದ್ದವು. ಆ ಸದ್ದನ್ನು ಕೇಳಿಸಿಕೊಳ್ಳಲು ನನ್ನಿಂದ ಆಗಲಿಲ್ಲ.

ಊರ ಗುಡಿಯ ಗುರುಗಳ ಹತ್ತಿರ ಓಡಿದೆ. ಅವರಿಗೆ ವಯಸ್ಸು ಚಿಕ್ಕದು, ಮಾತು ನೇರ. "ಅಮ್ಮ, ಉಪವಾಸ ಆರೋಗ್ಯ ಇರೋರಿಗೆ. ಕಾಯಿಲೆಯವರು ಉಪವಾಸ ಮಾಡಬೇಕು ಅಂತ ನಮ್ಮ ಧರ್ಮಸಭೆ ಯಾವತ್ತೂ ಕೇಳಿಲ್ಲ. ಮೊದಲು ಡಾಕ್ಟರಿಗೆ ತೋರಿಸಿ" ಅಂದರು. ನೀವೇ ಬಂದು ಅವಳಿಗೆ ಹೇಳಿ ಎಂದು ಬೇಡಿಕೊಂಡೆ. ಬಂದರು. ಮಗಳು ತಲೆ ಬಗ್ಗಿಸಿ ಎಲ್ಲ ಕೇಳಿಸಿಕೊಂಡು, "ಸರಿ ಫಾದರ್" ಎಂದು ಅವರ ಎದುರಿಗೇ ಒಂದು ಇಡ್ಲಿ ತಿಂದಳು. ನನಗೆ ಅವರ ಕಾಲು ಹಿಡಿಯುವಷ್ಟು ಸಂತೋಷವಾಯಿತು. ಅವರ ಬೈಕು ತಿರುವು ದಾಟಿತೋ ಇಲ್ಲವೋ, ಹುಳದ ಮನೆಯ ಹಿಂದೆ ಅವಳು ವಾಂತಿ ಮಾಡಿಕೊಳ್ಳುವ ಸದ್ದು ಕೇಳಿತು. ತಾನಾಗಿ ಬಂದ ವಾಂತಿಯಲ್ಲ ಅದು. ಹೋಗಿ ನೋಡಿದರೆ ಎರಡು ಬೆರಳು ಇನ್ನೂ ಬಾಯಲ್ಲಿದ್ದವು.

ಮಾರನೇ ದಿನ ಹಟ ಹಿಡಿದು ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಯಾರೋ ಎದ್ದು ಅವಳಿಗೆ ಸೀಟು ಬಿಟ್ಟುಕೊಟ್ಟರು. ಮುದುಕಿಯರಿಗೆ ಬಿಡುವಂತೆ ನನ್ನ ಮಗಳಿಗೆ ಬಿಟ್ಟರಲ್ಲ ಎಂದು ನನಗೆ ಎದೆ ಒಡೆಯಿತು. ಡಾಕ್ಟರಮ್ಮ ತೂಕ ನೋಡಿದರು, ನಾಡಿ ಹಿಡಿದು ಬಹಳ ಹೊತ್ತು ಕೂತರು, ಇಸಿಜಿ ಮಾಡಿಸಿದರು. ಅವಳನ್ನು ಹೊರಗೆ ಕೂರಿಸಿ ನನ್ನೊಬ್ಬಳನ್ನೇ ಒಳಗೆ ಕರೆದರು.

"ಇದು ಭಕ್ತಿ ಅಲ್ಲಮ್ಮ, ಕಾಯಿಲೆ. ಹೃದಯದ ಬಡಿತ ನಿಧಾನ ಆಗಿದೆ. ಹಿಂಗೇ ಬಿಟ್ರೆ ಒಂದಿನ ನಿಂತು ಹೋಗಬಹುದು. ಮೈಸೂರಿಗೆ ಬರೆದುಕೊಡ್ತೀನಿ, ಅಡ್ಮಿಟ್ ಮಾಡಿ. ಮನಸ್ಸಿನ ಡಾಕ್ಟರೂ ನೋಡಬೇಕು. ಅವಳೂ ಒಪ್ಪಿದ್ರೆ ಅರ್ಧ ಗೆದ್ದಂಗೆ. ಒಪ್ಪದಿದ್ರೂ ತಡ ಮಾಡಬೇಡಿ." ಆಮೇಲೆ ನನ್ನ ಮುಖ ನೋಡಿ ಕೇಳಿದರು. "ನೀವು ಯಾವಾಗ ಊಟ ಮಾಡಿದ್ದು?"

ನಿನ್ನೆ ಬೆಳಿಗ್ಗೆ ಅಂದೆ. ಮಗಳಿಗೋಸ್ಕರ ಉಪವಾಸ ಇದ್ದೇವೆ, ಅತ್ತೆಯೂ ಶುಕ್ರವಾರ ಉಣ್ಣುವುದಿಲ್ಲ ಎಂದೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮನೇಲಿ ಯಾರೂ ತಿನ್ನದೆ ಆ ಮಗು ಯಾರನ್ನ ನೋಡಿ ತಿನ್ನಬೇಕು? ಅವಳ ಮುಂದೆ ಕೂತು ಊಟ ಮಾಡಿ. ಎಲ್ಲರೂ."

ಮಗಳು ಮೈಸೂರಿಗೆ ಸುತರಾಂ ಒಪ್ಪಲಿಲ್ಲ. ನನಗೇನೂ ಆಗಿಲ್ಲ, ಹಸಿವಿಲ್ಲ ಅಷ್ಟೇ, ಬಲವಂತ ಮಾಡಿದರೆ ದಾರಿಯಲ್ಲೇ ಬಸ್ಸಿಂದ ಇಳಿದುಬಿಡುತ್ತೇನೆ ಎಂದಳು. ಗಂಡನಿಗೆ ಫೋನ್ ಮಾಡಿದರೆ, ಭಾನುವಾರ ಗಾಡಿ ತರುತ್ತೇನೆ, ಹೊತ್ತುಕೊಂಡಾದರೂ ಹೋಗೋಣ ಅಂದರು. ಭಾನುವಾರದವರೆಗೆ ಆ ನಾಡಿ ಓಡುತ್ತದೆ ಎಂದು ಯಾರು ಬರೆದುಕೊಟ್ಟಿದ್ದರು?

ಮನೆಗೆ ಬಂದವಳೇ ಪ್ರಾರ್ಥನೆಯ ಹೆಂಗಸರಿಗೆ ಕೈ ಮುಗಿದು ಸರಪಣಿ ನಿಲ್ಲಿಸಿದೆ. ಮಗಳ ಎದುರು ಕೂತು ಉಂಡೆ. ಮಗಳು ನನ್ನತ್ತ ನೋಡಲೂ ಇಲ್ಲ. ಅವಳು ಯಾವತ್ತೂ ನನ್ನನ್ನು ಅಳತೆಗೆ ಇಟ್ಟುಕೊಂಡವಳಲ್ಲ. ಅವಳ ಕಣ್ಣಿದ್ದದ್ದು ಅಜ್ಜಿಯ ಮೇಲೆ. ಅಜ್ಜಿ ಹಿಡಿದದ್ದನ್ನೇ ಇವಳು ಹಿಡಿದದ್ದು, ಅಜ್ಜಿಗಿಂತ ಗಟ್ಟಿಯಾಗಿ.

ಗುರುವಾರ ಸಂಜೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದ ಅತ್ತೆಯ ಹತ್ತಿರ ಹೋದೆ.

"ಅತ್ತೆ, ನಾಳ ಮಧ್ಯಾನ ನೀವು ಅವಳ ಮುಂದ ಉಣ್ಣಬೇಕು."

"ನಾಳ ಸುಕ್ರವಾರ."

"ಅದ್ಕೇ ಕೇಳ್ತಿರದು."

ಅವರ ಕೈ ನಿಂತಿತು. ನನ್ನನ್ನು ಅವರು ಹಾಗೆ ನೋಡಿದ್ದು ಅದೇ ಮೊದಲು. "ನನ್ ಮಗನ್ ಜೀವಕ್ಕ ಕೊಟ್ಟ ಮಾತು ಕಣಮ್ಮಿ ಅದು. ಅವ ನಿನ್ ಗಂಡ. ಘಟ್ಟದಲ್ಲಿ ಗಾಡಿ ಓಡುಸ್ತಾವನ. ಅದ ಮುರಿ ಅಂತ ನೀನ್ ಏಳೀಯ?"

"ನಿಮ್ ಮಗ ಉಳ್ಕಂಡ್ರು ಅತ್ತೆ. ನನ್ ಮಗಳು ಓಯ್ತಾವಳ." ಆಮೇಲೆ ನನ್ನ ನಾಲಿಗೆ ನನ್ನ ಹಿಡಿತದಲ್ಲಿರಲಿಲ್ಲ. "ದೇವ್ರೇನ್ ಸಾಲ ಕೊಟ್ಟಿರೋ ಸಾವ್ಕಾರ್ನಾ? ಒಂದ್ ವಾರ ಬಡ್ಡಿ ಕಟ್ನಿಲ್ಲ ಅಂತ ಮಗನ ಎಳ್ಕಂಡ್ ಓಯ್ತನಾ? ಅಂತಾ ದೇವ್ರಾದ್ರ ನಂಗ್ ಬ್ಯಾಡವೇ ಬ್ಯಾಡ."

ಅತ್ತೆ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು, ಸೊಪ್ಪಿನ ಬುಟ್ಟಿ ಬಿಟ್ಟು ಹೊರಗೆ ಹೋದರು.

ಶುಕ್ರವಾರ ಮಧ್ಯಾಹ್ನ ಮುದ್ದೆ ತಿರುವಿದೆ, ಹುರುಳಿ ಕಾಳಿನ ಸಾರು ಮಾಡಿದೆ. ಮಗಳನ್ನು ಗೋಡೆಗೆ ಒರಗಿಸಿ ಕೂರಿಸಿ, ಅವಳಿಗೊಂದು ತಟ್ಟೆ, ನನಗೊಂದು ತಟ್ಟೆ ಇಟ್ಟೆ. ಬೆಳಿಗ್ಗೆ ಎದ್ದು ನಿಲ್ಲುವಾಗ ಅವಳು ಎರಡು ಸಲ ಬಾಗಿಲು ಹಿಡಿದುಕೊಂಡಿದ್ದಳು. ನನ್ನ ಪ್ರಾರ್ಥನೆಯೆಲ್ಲ ಮುಗಿದುಹೋಗಿತ್ತು. ದೇವರನ್ನು ಕೇಳುವುದಕ್ಕೆ ನನ್ನ ಹತ್ತಿರ ಒಂದು ಮಾತೂ ಉಳಿದಿರಲಿಲ್ಲ.

ಹಿತ್ತಲಲ್ಲಿ ನೀರಿನ ಸದ್ದಾಯಿತು. ಅತ್ತೆ ಕೈಕಾಲು ತೊಳೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಾ ಒಳಗೆ ಬಂದರು. ಮೊಮ್ಮಗಳ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು.

"ನಂಗೂ ಬಡ್ಸು" ಅಂದರು.

ನಾನು ತಟ್ಟೆ ಇಟ್ಟೆ. ಅವರು ಮುದ್ದೆಯನ್ನು ನೋಡಿದರು, ಮುಟ್ಟಲಿಲ್ಲ. "ಮೊದ್ಲು ಅವನಿಗ ಒಂದ್ ಫೋನ್ ಮಾಡು. ಎಲ್ಲಿ ಅವನ ಅಂತ ಕೇಳು."

ಮಾಡಿದೆ. ಕೊಳ್ಳೇಗಾಲದಲ್ಲಿ ಲೋಡ್ ಇಳಿಸುತ್ತಿದ್ದೇನೆ, ಯಾಕೆ ಅಂದರು ನನ್ನ ಗಂಡ. ಸುಮ್ಮನೆ ಅಂದೆ. ಅತ್ತೆ ಮಗನ ದನಿ ಕೇಳಿಸಿಕೊಂಡು ಕಣ್ಣು ಮುಚ್ಚಿದರು. ತುಟಿಗಳು ಒಂದಿಷ್ಟು ಅಲ್ಲಾಡಿದವು. ಏನು ಹೇಳಿಕೊಂಡರೋ ನಾನು ಇವತ್ತಿಗೂ ಕೇಳಿಲ್ಲ. ಆಮೇಲೆ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದರು.

"ಅಜ್ಜಿ!" ಮಗಳು ಕಿರುಚಿದಳು. ಅಷ್ಟು ದನಿ ಅವಳಲ್ಲಿ ಇನ್ನೂ ಇದೆಯೆಂದು ನನಗೆ ಗೊತ್ತಿರಲಿಲ್ಲ. "ಇವತ್ತು ಶುಕ್ರವಾರ!"

"ಗೊತ್ತು ಕಣವ್ವ."

"ಮತ್ತೆ ಯಾಕೆ ತಿಂತಿದ್ದೀಯಾ? ಅಪ್ಪಂಗೆ ಏನಾದ್ರೂ ಆದ್ರೆ?"

ಅತ್ತೆ ಇನ್ನೊಂದು ತುತ್ತು ನುಂಗಿದರು, ಅದರ ಹಿಂದೆ ಮತ್ತೊಂದು. ಕಣ್ಣೀರು ಮೂಗಿನ ಪಕ್ಕ ಇಳಿದು ಬಾಯಿಗೇ ಹೋಗುತ್ತಿತ್ತು. ಆದರೂ ಅವರು ಗಬಗಬ ಉಂಡರು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವರು ಹಾಗೆ ಉಂಡದ್ದನ್ನು ನಾನು ಕಂಡಿರಲಿಲ್ಲ.

"ನಂಗ ಅಸೀತದ ಮೊಗ" ಅಂದರು. "ಒಂದ್ ಸುಕ್ರವಾರನೂ ಅಸೀದೆ ಇರ್ನಿಲ್ಲ. ಒಟ್ಟ ಉರ್ದೋಯ್ತಿತ್ತು. ದೇವ್ರು ಬಂದು ಪಕ್ಕದಲ್ ಕೂತದ್ದ ನಾ ಒಂದಿನನೂ ಕಾಣ್ನಿ. ಸುಮ್ನ ಅಸೀತಿತ್ತು. ಬಾಯ್ಬುಟ್ಟು ಏಳ್ನಿಲ್ಲ, ಅಷ್ಟೇಯ."

ಮಗಳು ಅಜ್ಜಿಯ ಬಾಯನ್ನೇ ನೋಡುತ್ತಿದ್ದಳು. ಕೈ ಚಾಚಿ ಅಜ್ಜಿಯ ತಟ್ಟೆಯಿಂದ ಒಂದು ಚೂರು ಮುದ್ದೆ ಕಿತ್ತುಕೊಂಡಳು. ತುಟಿಯ ತನಕ ತಂದಳು. ಬಾಯಿ ತೆರೆಯಲಿಲ್ಲ. ತೆರೆಯಲು ಒದ್ದಾಡುತ್ತಿದ್ದಾಳೆಂದು ನನಗೆ ಕಾಣುತ್ತಿತ್ತು. ಕತ್ತಿನ ನರಗಳೆಲ್ಲ ಬಿಗಿದಿದ್ದವು. ಆ ಚೂರು ಬೆರಳ ಸಂದಿಯಿಂದ ಮಡಿಲಿಗೆ ಬಿತ್ತು.

"ನಂಗೂ ಅಸೀತದ ಅಜ್ಜಿ" ಎಂದು ಅವಳು ಬಿಕ್ಕಿದಳು. "ಪಾಸ್ಕದಿಂದಲೂ ಅಸೀತಾನೆ ಅದ. ತಿನ್ನಕ್ಕೆ ಆಯ್ತಿಲ್ಲ. ನಂಗ್ ಆಯ್ತಿಲ್ಲ ಅಜ್ಜಿ, ನನ್ನ ಎಲ್ಲಿಗಾದ್ರೂ ಕರ್ಕಂಡೋಗಿ."

ನಾನು ಎಂಜಲು ಕೈಯಲ್ಲೇ ಬೀದಿಗೆ ಓಡಿ ಆಟೊ ಕೂಗಿದೆ.